ಕೋಡಿಬಾಗದ ಮನೇಲಿ ಒಂದೇ ಒಂದು ಬೆಳವ

ಹೋದ ಏಪ್ರಿಲ್ ಕೊನೇಲಿ ನಮ್ಮ ಪಕ್ಕದ ಮನೆಯವ್ರಿಗೆ ವಿಶಾಖಪಟ್ಟಣಕ್ಕೆ ಟ್ರಾನ್ಸ್‌ಫರ್ ಆಯ್ತು. ನೇವಿಯವ್ರು, ಕಾರವಾರದಲ್ಲಿ ಇರೋರಿಗೆ ಇದೆಲ್ಲ ಗೊತ್ತಿರತ್ತೆ, ಅರ್ಗಾದ ಬೇಸ್‌ಗೆ ಬರ್ತಾರೆ, ಎರಡು ಮೂರು ವರ್ಷ ಇರ್ತಾರೆ, ಸಲಿಗೆ ಆಗೋ ಹೊತ್ತಿಗೆ ಸಾಮಾನು ಕಟ್ಟೋಕೆ ಶುರು. ಅವ್ರ ಮನೇಲಿ ಒಂದು ಡವ್, ಅಂದ್ರೆ ಸಾಕಿದ ಬೆಳವ ಇತ್ತು. ಅಷ್ಟು ದೂರ ಆ ಸೆಕೆಯಲ್ಲಿ ತಗೊಂಡು ಹೋದ್ರೆ ಉಳಿಯಲ್ಲ ಅಂತ ಅವ್ರಿಗೆ ಭಯ. ಮನೆಯಾಕೆ ಪಂಜರ ಹಿಡ್ಕೊಂಡು ಬಾಗಿಲಿಗೆ ಬಂದು, ಭೈಯಾ ನೀವು ಇಟ್ಕೊಳ್ತೀರಾ ಅಂತ ಕೇಳಿದ್ರು, ಕಣ್ಣು ತುಂಬಿತ್ತು, ಇಲ್ಲ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ. ನಾನು ಕಾರವಾರದ ಕೋಡಿಬಾಗದಲ್ಲಿ ಒಬ್ನೇ ಇರೋದು, ಊರು ಶಿರಸಿ ಕಡೆ. ಊರಲ್ಲಿ ದನ, ನಾಯಿ, ಬೆಕ್ಕು ಎಲ್ಲದರ ಜೊತೆ ಬೆಳೆದೋನು, ಆದ್ರೆ ಹಕ್ಕಿ ಅಂದ್ರೆ ಅಂಗಳದಲ್ಲಿ ಕಾಳು ಹೆಕ್ಕೋ ಬೆಳವ, ಅಷ್ಟೇ ಗೊತ್ತಿದ್ದಿದ್ದು.

ಹೆಸರು ಮೋತಿ. ತಿಳಿ ಕೆನೆ ಬಣ್ಣ, ಕುತ್ತಿಗೆ ಹಿಂದೆ ಅರ್ಧ ಉಂಗುರದ ಥರ ಒಂದು ಕಪ್ಪು ಗೆರೆ. ಅಂಗಡಿಯವ್ರು ರಿಂಗ್‌ನೆಕ್ ಡವ್ ಅಂತಾರೆ. ಇದು ನಮ್ಮ ಕಾಡಿನ ಹಕ್ಕಿ ಅಲ್ಲ, ಆಫ್ರಿಕಾದ ಒಂದು ಬೆಳವದಿಂದ ಬಂದ ಸಾಕು ತಳಿ, ಜನರ ಜೊತೆ ಇದ್ದು ಇದ್ದು ಕಾಡಿನ ಅಂಜಿಕೆ ಎಲ್ಲ ಮರೆತುಬಿಟ್ಟಿದೆ. ಗಂಡೋ ಹೆಣ್ಣೋ ಅವ್ರಿಗೂ ಗೊತ್ತಿರ್ಲಿಲ್ಲ, ನೋಡಿದ್ರೆ ಎರಡೂ ಒಂದೇ ಥರ ಇರತ್ತೆ.

ಹೋಗುವಾಗ ಆಕೆ ಒಂದು ಹಾಳೆ ಬರೆದು ಕೊಟ್ಟಿದ್ರು. ಅದರ ಮೊದಲ ಸಾಲು, ನಾನ್‌ಸ್ಟಿಕ್ ಕಾವಲಿ ಉಪಯೋಗಿಸ್ಬೇಡಿ. ಯಾಕೆ ಅಂತ ಆಗ ತಿಳೀಲಿಲ್ಲ. ಆಮೇಲೆ ಓದಿ ತಿಳ್ಕೊಂಡೆ, ಆ ಕೋಟಿಂಗ್ ಜಾಸ್ತಿ ಕಾದ್ರೆ ಬರೋ ಹೊಗೆ ನಮಗೆ ವಾಸನೆಯಾಗಿಯೂ ಗೊತ್ತಾಗದೆ ಇರ್ಬಹುದು, ಹಕ್ಕಿ ಮಾತ್ರ ಕೆಲವೇ ನಿಮಿಷದಲ್ಲಿ ಸತ್ತೋಗತ್ತೆ, ಹಕ್ಕಿಗಳ ಶ್ವಾಸಕೋಶ ಅಷ್ಟು ಸೂಕ್ಷ್ಮ. ಅವತ್ತೇ ನನ್ನ ದೋಸೆ ಕಾವಲಿ ಕಪಾಟಿನ ಮೇಲೆ ಹೋಯ್ತು, ಊರಿಂದ ಆಯಿಯ (ನಮ್ಮ ಕಡೆ ಅಮ್ಮನಿಗೆ ಆಯಿ ಅಂತೀವಿ) ಹಳೇ ಕಬ್ಬಿಣದ ಬಾಣಲೆ ತಂದೆ. ಸೊಳ್ಳೆ ಬತ್ತಿ ನಿಲ್ಲಿಸ್ದೆ, ಕಿಟಕಿಗೆ ನೆಟ್ ಹೊಡೆಸ್ದೆ, ಅಗರಬತ್ತಿ ಹಿಂದಿನ ಕೋಣೇಲಿ ಬಾಗಿಲು ಹಾಕ್ಕೊಂಡು. ಮೋತಿ ಹೊರಗಿದ್ರೆ ಫ್ಯಾನ್ ಆಫ್. ಕಾರವಾರದ ಮೇ ತಿಂಗಳಲ್ಲಿ ಫ್ಯಾನ್ ಇಲ್ಲದೆ ಅರ್ಧ ಗಂಟೆ ಕೂರೋದು ಏನು ಅಂತ ಇಲ್ಲಿಯವ್ರಿಗೆ ಹೇಳ್ಬೇಕಿಲ್ಲ, ಆದ್ರೆ ಬೇರೆ ದಾರಿ ಇಲ್ಲ.

ಮೊದಲ ವಾರ ತಪ್ಪು ಮಾಡಿದ್ದೇ ಜಾಸ್ತಿ. ಪಂಜರ ತೊಳೆಯೋಕೆ ಅಂತ ಹೊರಗೆ ತೆಗೆಯುವಾಗ ಹಿಂದಿನಿಂದ ಕೈ ಹಾಕಿ ಹಿಡಿದೆ, ಬಾಲದ ಏಳೆಂಟು ಗರಿ ನನ್ನ ಮುಷ್ಟೀಲೇ ಉಳೀತು. ಕೊಂದೇಬಿಟ್ಟೆ ಅಂದ್ಕೊಂಡೆ. ರಕ್ತ ಇರ್ಲಿಲ್ಲ. ಈ ಜಾತಿ ಹಕ್ಕಿಗಳ ಗರಿ ಹಾಗೇ ಸಡಿಲ, ಗಿಡುಗ ಹಿಡಿದ್ರೆ ಗರಿ ಬಿಟ್ಟು ತಪ್ಪಿಸ್ಕೊಳ್ಳೋಕೆ ಅನುಕೂಲ ಅಂತೆ, ತಿಂಗಳೊಪ್ಪತ್ತಲ್ಲಿ ಮತ್ತೆ ಬಂತು. ಆದ್ರೆ ಆ ಗರಿ ಹಿಡ್ಕೊಂಡು ಅವತ್ತು ಎಷ್ಟು ಹೊತ್ತು ಕೂತಿದ್ನೋ ಗೊತ್ತಿಲ್ಲ. ಈಗ ಹಿಡಿಯೋದೇ ಇಲ್ಲ, ಹೊಟ್ಟೆ ಕೆಳಗೆ ಬೆರಳು ಚಾಚಿದ್ರೆ ತಾನಾಗೇ ಹತ್ತತ್ತೆ. ಡಾಕ್ಟ್ರ ಹತ್ರ ಹೋಗುವಾಗ ಹಿಡಿಯಲೇಬೇಕಾದ್ರೆ ತೆಳು ಟವೆಲ್ ಸುತ್ತಿ ಹಿಡೀಬೇಕು, ಎದೆ ಮಾತ್ರ ಅಮುಕಬಾರ್ದು, ಹಕ್ಕಿ ಉಸಿರಾಡೋದು ಎದೆಗೂಡು ಆಡಿದ್ರೆ ಮಾತ್ರ.

ಎರಡನೇದು ಮೇ ತಿಂಗಳ ಗುಡುಗು ಮಳೆ ರಾತ್ರಿ. ಕರೆಂಟು ಹೋಯ್ತು, ಒಂದು ಮಿಂಚು, ಮೋತಿ ಸೀದಾ ಮೇಲಕ್ಕೆ ಹಾರಿ ಪಂಜರದ ಸರಳಿಗೆ ತಲೆ ಹೊಡ್ಕೊಂಡ್ಳು. ಒಂದಲ್ಲ, ನಾಲ್ಕೈದು ಸಲ. ಟಾರ್ಚ್ ಹಾಕಿ ನೋಡಿದ್ರೆ ಕೊಕ್ಕಿನ ಬುಡದಲ್ಲಿ ರಕ್ತ. ಬೆಳವ ಹೆದರಿದ್ರೆ ನೆಟ್ಟಗೆ ಮೇಲಕ್ಕೆ ಚಿಮ್ಮತ್ತೆ, ಕತ್ತಲಲ್ಲಿ ಎಲ್ಲಿ ಕೂರೋದು ಅಂತ ಕಾಣಲ್ಲ, ಅದಕ್ಕೇ ಹೊಡ್ಕೊಳ್ಳತ್ತೆ. ಮರುದಿನವೇ ಪಂಜರದ ಮೇಲ್ಗಡೆ ಒಳಗಿಂದ ಮೆತ್ತನೆ ಬಟ್ಟೆ ಕಟ್ಟಿ, ಇನ್‌ವರ್ಟರ್ ಲೈನಿಗೆ ಒಂದು ಜೀರೋ ಬಲ್ಬ್ ಹಾಕ್ದೆ. ಆ ಪಂಜರ ಎತ್ತರ ಇತ್ತು, ಅಗಲ ಇರ್ಲಿಲ್ಲ. ಇವಕ್ಕೆ ಬೇಕಾದ್ದು ಉದ್ದ, ಎರಡು ಸಲನಾದ್ರೂ ರೆಕ್ಕೆ ಬಡಿಯೋಷ್ಟು. ವೆಲ್ಡಿಂಗ್‌ನವ್ರ ಹತ್ರ ನಾಲ್ಕಡಿ ಉದ್ದ, ಎರಡಡಿ ಅಗಲದ್ದು ಮಾಡಿಸ್ದೆ, ಅರ್ಧ ಇಂಚಿನ ಜಾಲರಿ, ಯಾಕಂದ್ರೆ ಇಲ್ಲಿ ಇಲಿಯೂ ಇದೆ, ಇಲಿ ಹಿಂದೆ ಬರೋ ಹಾವೂ ಇದೆ. ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದ ಹಾಗೆ ನೀರಿನ ತಟ್ಟೆ.

ಊಟದ ವಿಷಯ. ಬೆಳವ ಗಿಳಿ ಥರ ಸಿಪ್ಪೆ ಸುಲಿಯಲ್ಲ, ಕಾಳು ಇಡಿಯಾಗಿ ನುಂಗತ್ತೆ. ಹಾಗಾಗಿ ಅರೆಯೋಕೆ ಹೊಟ್ಟೇಲಿ ಸಣ್ಣ ಕಲ್ಲು ಬೇಕು, ಗ್ರಿಟ್ ಅಂತ ಸಿಗತ್ತೆ. ಭಾನುವಾರದ ಸಂತೇಲಿ ನವಣೆ, ಸಜ್ಜೆ, ಬಿಳಿ ಜೋಳ, ಗೋಧಿ, ಸ್ವಲ್ಪ ಹೆಸರು ಕಾಳು ತಗೊಳ್ತೀನಿ, ಒಂದಕ್ಕೊಂದು ಬೆರೆಸಿ ದಿನಕ್ಕೆ ಒಂದು ದೊಡ್ಡ ಚಮಚ. ಕುಸುಬೆ ಇವಳಿಗೆ ಪ್ರಾಣ, ಅದ್ರಲ್ಲಿ ಕೊಬ್ಬು ಜಾಸ್ತಿ ಅಂತ ನಾಲ್ಕೇ ಕಾಳು, ಅದೂ ಕೈಯಿಂದ. ನೀರು ಕುಡಿಯೋದು ನೋಡೋದೇ ಒಂದು ಚಂದ, ಕೋಳಿ ಥರ ತಲೆ ಎತ್ತಿ ನುಂಗಲ್ಲ, ಕೊಕ್ಕು ಮುಳುಗಿಸಿ ದನ ಕುಡಿದ ಹಾಗೆ ಒಂದೇ ಸಮನೆ ಹೀರೋದು. ಅದಕ್ಕೆ ಬಟ್ಟಲು ಸ್ವಲ್ಪ ಆಳ ಇರ್ಬೇಕು.

ಮಳೆ ಶುರುವಾದ ಮೇಲೆ ಕಾಳಿಂದೇ ದೊಡ್ಡ ಕೆಲಸ. ಜೂನ್ ಎರಡನೇ ವಾರ ಡಬ್ಬಿ ತೆಗೆದ್ರೆ ಮುಗ್ಗುಲು ವಾಸನೆ, ಕಾಳು ಕಾಳಿಗೆ ಬಲೆ ಕಟ್ಕೊಂಡಿತ್ತು. ಎರಡು ಕೆಜಿ ಎಲ್ಲ ಚೆಲ್ಲಿದೆ. ಬೂಷ್ಟು ಹಿಡಿದ ಕಾಳು ಹಕ್ಕಿಗೆ ವಿಷವೇ, ತೊಳೆದು ಒಣಗಿಸಿದ್ರೂ ಹೋಗಲ್ಲ, ಅದರ ಪುಡಿ ಉಸಿರಲ್ಲಿ ಹೋದ್ರೆ ಶ್ವಾಸಕೋಶಕ್ಕೂ ಫಂಗಸ್. ಈಗ ಮಳೆಗಾಲದಲ್ಲಿ ಹದಿನೈದು ದಿನಕ್ಕಾಗೋಷ್ಟೇ ತರ್ತೀನಿ, ಬಾಣಲೇಲಿ ಕೈಗೆ ಬಿಸಿ ತಾಗೋಷ್ಟು ಮಾತ್ರ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಗಾಜಿನ ಬಾಟ್ಲಿ. ತಟ್ಟೇಲಿ ಉಳಿದಿದ್ದು ಸಂಜೆಗೆ ಹೊರಗೆ.

ಈಗ ನಾನು ಹೇಳ್ಲೇಬೇಕು ಅಂತಿದ್ದ ವಿಷಯಕ್ಕೆ ಬರ್ತೀನಿ.

ಮೇ ಕೊನೆ ಹೊತ್ತಿಗೆ ಮೋತಿಗೂ ನಂಗೂ ಬಳಕೆ ಆಗಿತ್ತು. ಆಫೀಸಿಂದ ಬಂದು ಬೀಗ ತೆಗೆಯೋ ಸದ್ದಿಗೇ ಒಳಗಿಂದ ಕೂಗು, ಮೊದಲು ಗುಟುರ್ ಗೂ, ಆಮೇಲೆ ನಗು ಥರದ ಒಂದು ದನಿ. ನಾನೂ ಹಾಗೇ ಕೂಗಿ ಉತ್ತರ ಕೊಡ್ತಿದ್ದೆ. ಹೆಗಲ ಮೇಲೆ ಕೂತು ಕಿವಿ ಹತ್ರದ ಕೂದಲು ಒಂದೊಂದಾಗಿ ಎಳೆದು ನೇವರಿಸೋದು, ನಾನು ಅವಳ ಬೆನ್ನು, ರೆಕ್ಕೆ ಸವರೋದು, ಅವಳು ಕಣ್ಣು ಅರ್ಧ ಮುಚ್ಚಿ ರೆಕ್ಕೆ ತುದಿ ನಡುಗಿಸೋದು. ದಿನವಿಡೀ ಒಬ್ಬಳೇ ಇರ್ತಾಳೆ, ಬೇಜಾರಾಗತ್ತೆ ಅಂತ ಪಂಜರದಲ್ಲಿ ಒಂದು ಕನ್ನಡಿ ಇಟ್ಟೆ. ಮಲಗೋಕೆ ಅಂತ ತೆಂಗಿನ ಕರಟದಲ್ಲಿ ನಾರು ಹಾಕಿ ಕೊಟ್ಟೆ. ಪ್ರೀತಿ ಅಂದ್ರೆ ಇದೇ ಅಂದ್ಕೊಂಡಿದ್ದೆ.

ಜೂನ್ ಮೊದಲ ವಾರ ಒಂದು ಸಂಜೆ ಬಂದಾಗ ಕರಟದಲ್ಲಿ ಬೆಳ್ಳಗೆ ಒಂದು ಮೊಟ್ಟೆ. ಅವತ್ತೇ ಗೊತ್ತಾಗಿದ್ದು ಮೋತಿ ಹೆಣ್ಣು ಅಂತ. ಎರಡನೇ ಮೊಟ್ಟೆ ಒಂದು ದಿನ ಬಿಟ್ಟು ಬೆಳಿಗ್ಗೆ. ಗಂಡು ಇಲ್ಲದೆ ಮರಿ ಆಗಲ್ಲ, ಸುಮ್ನೆ ಕಾವು ಕೂತು ಸೊರಗೋದು ಬೇಡ ಅಂತ ಎರಡೂ ತೆಗೆದು ತೆಂಗಿನ ಬುಡಕ್ಕೆ ಹಾಕ್ದೆ. ಹತ್ತು ದಿನ ಆಗಿಲ್ಲ, ಮತ್ತೆ ಎರಡು. ಅವೂ ತೆಗೆದೆ. ಮತ್ತೆ ಎರಡು. ನಾನು ಪ್ರತಿ ಸಲ ತೆಗೆದಾಗ್ಲೂ ಅವಳ ಮೈ ಇನ್ನೊಂದು ಜೋಡಿಗೆ ಕೆಲಸ ಶುರು ಮಾಡ್ತಿತ್ತು, ನಂಗೆ ಅದು ತಿಳೀಲಿಲ್ಲ.

ಜುಲೈ. ಹತ್ತು ಹನ್ನೆರಡು ದಿನದಿಂದ ಬಿಸಿಲೇ ಇಲ್ಲ, ಕಾಳಿ ನದಿ ಕೆಂಪಗೆ ತುಂಬಿ ಹರೀತಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಮೋತಿ ಪಂಜರದ ನೆಲದ ಮೇಲೆ. ಗರಿ ಎಲ್ಲ ಉಬ್ಬಿಸ್ಕೊಂಡು ಉಂಡೆ ಆಗಿದ್ಳು, ಉಸಿರಾಡಿದ ಹಾಗೆಲ್ಲ ಬಾಲ ಮೇಲೆ ಕೆಳಗೆ, ನನ್ನ ದನಿಗೆ ಉತ್ತರ ಇಲ್ಲ. ಅಡುಗೆ ಮನೆ ತಕ್ಕಡಿಲಿ ದಿನಾ ತೂಕ ನೋಡೋ ರೂಢಿ ಇತ್ತು, 158 ಗ್ರಾಂ ಇರೋಳು ಎರಡು ದಿನದಲ್ಲಿ 170 ಆಗಿದ್ಳು, ಹೊಟ್ಟೇಲಿ ಮೊಟ್ಟೆ ಇದೆ ಅಂತ ಅದರಿಂದಲೇ ಅಂದಾಜಾಯ್ತು. ಹಕ್ಕಿ ಕಾಯಿಲೆ ಮುಚ್ಚಿಡತ್ತೆ, ಕಣ್ಣಿಗೆ ಕಾಣೋ ಹೊತ್ತಿಗೆ ತಡ ಆಗಿರತ್ತೆ. ಹಾಗಾಗಿ ಹೊಸದಾಗಿ ಸಾಕೋರಿಗೆ ನಾನು ಹೇಳೋದು, ಪಂಜರಕ್ಕಿಂತ ಮೊದಲು ಒಂದು ಗ್ರಾಂ ಲೆಕ್ಕದ ತಕ್ಕಡಿ ತಗೊಳ್ಳಿ.

ರಟ್ಟಿನ ಡಬ್ಬಿಗೆ ಟವೆಲ್ ಹಾಸಿ, ಬಿಸಿನೀರಿನ ಬಾಟ್ಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು, ಆ ಮಳೇಲಿ ರಿಕ್ಷಾ ಹಿಡಿದು ಪಶು ಆಸ್ಪತ್ರೆ. ಅಲ್ಲಿ ದನ, ನಾಯಿ ಬರೋದೇ ಹೆಚ್ಚು. ಡಾಕ್ಟ್ರು ನೋಡಿ, ಇಂಥ ಹಕ್ಕಿ ನನ್ನ ಕೈಗೆ ಬಂದಿದ್ದು ಇದೇ ಮೊದ್ಲು ಮಾರಾಯ್ರೆ, ಆದ್ರೆ ಕೋಳಿಗೆ ಹೀಗಾಗಿದ್ದು ನೋಡಿದ್ದೇನೆ ಅಂದ್ರು. ಗೋವಾದಲ್ಲಿ ಹಕ್ಕಿ ನೋಡೋ ಅವ್ರ ಸ್ನೇಹಿತರಿಗೆ ನನ್ನೆದುರೇ ಫೋನ್ ಮಾಡಿ ಕೇಳಿದ್ರು, ಗೊತ್ತಿಲ್ಲದ್ದನ್ನ ಕೇಳಿ ತಿಳ್ಕೊಳ್ಳೋ ಆ ಗುಣಕ್ಕೆ ನಾನು ಇವತ್ತಿಗೂ ಕೈ ಮುಗೀತೀನಿ. ಹೊಟ್ಟೆ ಮೆಲ್ಲಗೆ ಮುಟ್ಟಿ, "ಮೊಟ್ಟೆ ಸಿಕ್ಕಿಹಾಕ್ಕೊಂಡಿದೆ. ಮನೇಲಿ ಎಣ್ಣೆ ಗಿಣ್ಣೆ ಹಚ್ಚಿ ಒತ್ತೋಕೆ ಹೋಗಿದ್ರಾ?" ಅಂದ್ರು. ಇಲ್ಲ ಅಂದೆ. "ಒಳ್ಳೇದಾಯ್ತು, ಒಳಗೇ ಒಡೆದ್ರೆ ಉಳಿಯಲ್ಲ."

ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ರು, ಬೆಚ್ಚಗಿಡಿ, ಕತ್ತಲಲ್ಲಿಡಿ, ಮುಟ್ಟಬೇಡಿ ಅಂದ್ರು. ರಾತ್ರಿ ಬಾತ್‌ರೂಮಲ್ಲಿ ಬಿಸಿನೀರು ಬಿಟ್ಟು ಹಬೆ ಮಾಡಿ, ಡಬ್ಬಿ ಅಲ್ಲಿಟ್ಟು ಹೊರಗೆ ಬಾಗಿಲ ಹತ್ರ ಕೂತೆ. ಮೂರೂವರೆಗೆ ಒಳಗೆ ಸಣ್ಣ ಸದ್ದು. ಮೊಟ್ಟೆ ಹೊರಗೆ ಬಿದ್ದಿತ್ತು, ಚಿಪ್ಪೇ ಇಲ್ಲ, ಒದ್ದೆ ಕಾಗದದ ಥರ ಒಂದು ಪೊರೆ. ಮೋತಿ ಅದರ ಪಕ್ಕ ಕಣ್ಣು ಮುಚ್ಚಿ ನಿಂತಿದ್ಳು. ಬದುಕಿದ್ಳು.

ಮರುದಿನ ಡಾಕ್ಟ್ರು ಬಿಡಿಸಿ ಹೇಳಿದ್ರು. ಕಾಳಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ. ಮೊಟ್ಟೆ ಚಿಪ್ಪಿಗೆ ಬೇಕಾದ್ದನ್ನ ಹೆಣ್ಣು ತನ್ನ ಮೂಳೆಯಿಂದ ತೆಗೀತಾಳೆ. ತಿಂದ ಕ್ಯಾಲ್ಸಿಯಂ ಮೈಗೆ ಹತ್ಬೇಕು ಅಂದ್ರೆ ವಿಟಮಿನ್ ಡಿ3 ಬೇಕು, ಅದು ಬರೋದು ಬಿಸಿಲಿಂದ, ಅದೂ ಗಾಜಿನ ಕಿಟಕಿಯಿಂದ ಬಂದ ಬಿಸಿಲು ಆಗಲ್ಲ, ಬೇಕಾದ ಕಿರಣ ಗಾಜಲ್ಲೇ ನಿಂತುಬಿಡತ್ತೆ. ನಮ್ಮ ಕರಾವಳಿಯ ಮಳೆಗಾಲ, ಮೇಲಿಂದ ಒಂದೂವರೆ ತಿಂಗಳಲ್ಲಿ ನಾಲ್ಕು ಜೋಡಿಯ ಲೆಕ್ಕ. ಚಿಪ್ಪು ಎಲ್ಲಿಂದ ಬರ್ಬೇಕು?

ಇದೆಲ್ಲ ಸರಿ, ಆದ್ರೆ ಇಷ್ಟೊಂದು ಮೊಟ್ಟೆ ಯಾಕೆ ಇಟ್ಳು ಅನ್ನೋದು ತಲೇಲಿ ಕೊರೀತಾ ಇತ್ತು. ಹುಡುಕಿ ಓದುವಾಗ ಡ್ಯಾನಿಯಲ್ ಲೆಹ್ರ್‌ಮನ್ ಅನ್ನೋ ಅಮೆರಿಕದ ವಿಜ್ಞಾನಿಯ ಕೆಲಸ ಸಿಕ್ತು, 1950-60ರ ದಶಕದಲ್ಲಿ ಇದೇ ರಿಂಗ್ ಡವ್ ಇಟ್ಕೊಂಡು ಪ್ರಯೋಗ ಮಾಡಿದವ್ರು. ಹೆಣ್ಣು ಮೊಟ್ಟೆಗೆ ತಯಾರಾಗೋದು ಬರೀ ಮೈಯೊಳಗಿನ ಗಡಿಯಾರದಿಂದ ಅಲ್ಲ, ಎದುರಿಗೆ ಗಂಡು ಬಗ್ಗಿ ಬಗ್ಗಿ ಕೂಗೋದು ನೋಡಿ, ಕೇಳಿ ಅವಳ ಹಾರ್ಮೋನು ಏಳತ್ತೆ. ಮಧ್ಯೆ ಗಾಜಿನ ಗೋಡೆ ಇದ್ರೂ ಏಳತ್ತೆ. ಗೂಡು ಕಟ್ಟೋ ಜಾಗ ಸಿಕ್ರೆ ಇನ್ನೂ ಬೇಗ.

ಓದಿ ಸುಮ್ನೆ ಕೂತೆ. ಗಂಡಿನ ಥರ ಕೂಗಿ ಉತ್ತರ ಕೊಟ್ಟಿದ್ದು ನಾನು. ಬೆನ್ನು ಸವರಿದ್ದು ನಾನು. ಕನ್ನಡಿ, ಕರಟ, ನಾರು ಎಲ್ಲ ತಂದುಕೊಟ್ಟಿದ್ದು ನಾನು. ಒಂಟಿ ಹಕ್ಕಿ, ಅದರ ಲೋಕದಲ್ಲಿ ಇರೋದು ನಾನೊಬ್ನೇ, ನನ್ನನ್ನೇ ಜೋಡಿ ಅಂತ ನಂಬಿಬಿಟ್ಟಿದ್ಳು. ನನ್ನ ಪ್ರತಿ ಮುದ್ದಿಗೂ ಅವಳು ಮೂಳೆ ಸವೆಸಿ ಉತ್ತರ ಕೊಡ್ತಾ ಇದ್ಳು.

ಅವತ್ತಿಂದ ರೀತಿ ಬದಲಾಯಿಸ್ದೆ. ಕನ್ನಡಿ ತೆಗೆದೆ. ಕರಟನೂ ತೆಗೆದೆ, ಅವಳು ಮೊಟ್ಟೆ ಇಟ್ಟಾಗ ಮಾತ್ರ ವಾಪಸ್ ಕೊಡೋದು. ಬೆನ್ನು, ರೆಕ್ಕೆ ಮುಟ್ಟಲ್ಲ, ತಲೆ ಮೇಲೆ ಒಂದು ಬೆರಳು, ಅಷ್ಟೇ. ಕೂಗಿದ್ರೆ ಅವಳ ದನೀಲಿ ಉತ್ತರ ಕೊಡಲ್ಲ, ಮಾತಾಡ್ತೀನಿ, ಇವತ್ತು ಬೈತಖೋಲ ಬಂದರಲ್ಲಿ ಬಂಗಡೆ ಮೀನಿನ ರೇಟು ಎಷ್ಟು ಅಂತೆಲ್ಲ. ಸಂಜೆ ಏಳಕ್ಕೆ ಪಂಜರಕ್ಕೆ ಬಟ್ಟೆ ಹಾಕಿ, ಸಣ್ಣ ಬಲ್ಬ್ ಮಾತ್ರ ಬಿಡ್ತೀನಿ, ಹಗಲು ಉದ್ದ ಆದಷ್ಟೂ ಮೊಟ್ಟೆ ಕಾಲ ಅಂತ ಮೈಗೆ ಅನ್ಸತ್ತೆ. ಮೊದಲ ಎರಡು ವಾರ ಅವಳು ಹೆಗಲಿಗೆ ಬಂದು ಕಾಯ್ತಾ ಕೂರೋಳು, ನಾನು ಸವರ್ತಿರ್ಲಿಲ್ಲ, ನಂಗೇ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ, ಎದ್ದು ಅಡುಗೆ ಮನೆಗೆ ಹೋಗಿಬಿಡ್ತಿದ್ದೆ. ಈಗ ಬರೀ ಪಕ್ಕ ಕೂರ್ತಾಳೆ. ನಾನು ಪೇಪರ್ ಓದ್ತೀನಿ, ಅವಳು ಗರಿ ತಿದ್ಕೊಳ್ತಾಳೆ, ಬಿಳಿ ಪುಡಿ ನನ್ನ ಅಂಗಿಗೆಲ್ಲ. (ಬೆಳವದ ಗರಿ ಪುಡಿ ತುಂಬಾ ಉದುರತ್ತೆ, ಉಬ್ಬಸ ಇರೋರು ಮೊದಲೇ ಯೋಚಿಸಿ.)

ಕ್ಯಾಲ್ಸಿಯಂಗೆ ಕಾರವಾರಕ್ಕಿಂತ ಒಳ್ಳೇ ಊರು ಬೇಕಾ? ಕಲ್ವ, ಅಂದ್ರೆ ಸಿಂಪಿ ತರೋ ಮೀನಿನ ಅಕ್ಕನಿಗೆ ಹೇಳಿ ಖಾಲಿ ಚಿಪ್ಪು ಇಸ್ಕೊಂಡೆ, ದುಡ್ಡು ತಗೊಳ್ಳೋಕೆ ಒಪ್ಲಿಲ್ಲ. ಇಪ್ಪತ್ತು ನಿಮಿಷ ಕುದಿಸಿ, ಒಣಗಿಸಿ, ಕಲ್ಲಲ್ಲಿ ಕುಟ್ಟಿ, ಎಳ್ಳಿನಷ್ಟು ದಪ್ಪ ಇರೋದು ಜರಡಿ ಹಿಡಿದು ಇಟ್ಟಿದ್ದೀನಿ. ಬೆಳಿಗ್ಗೆ ವಾಕಿಂಗ್ ಹೋದಾಗ ಟ್ಯಾಗೋರ್ ಬೀಚಲ್ಲಿ ಸಮುದ್ರ ನೊರೆ ಸಿಗತ್ತೆ, ಮಾಣ್ಕಿ (ಕಟಲ್‌ಫಿಶ್) ಮೀನಿನ ಒಳಗಿನ ಬಿಳಿ ಹಲಗೆ. ಮೂರು ನಾಲ್ಕು ದಿನ ನೀರು ಬದಲಾಯಿಸ್ತಾ ನೆನೆಸಿ ಉಪ್ಪು ತೆಗೆದು ಬಿಸಿಲಿಗಿಟ್ಟು ಪುಡಿ ಮಾಡಿ ಗ್ರಿಟ್ ಜೊತೆ ಹಾಕೋದು, ಉಪ್ಪು ಉಳಿದ್ರೆ ಹಕ್ಕಿಗೆ ಕೆಟ್ಟದ್ದು. ಮಳೆಗಾಲಕ್ಕೆ ಡಿ3 ಹನಿ ಡಾಕ್ಟ್ರು ಬರೆದುಕೊಟ್ಟ ಲೆಕ್ಕದಲ್ಲೇ, ಅದು ಜಾಸ್ತಿ ಆದ್ರೂ ತೊಂದ್ರೆ. ಬಿಸಿಲು ಬಂದ್ರೆ ಅರ್ಧ ನೆರಳು ಇರೋ ಹಾಗೆ ಪಂಜರ ಬಾಲ್ಕನಿಗೆ, ಕಾಗೆ ಬರತ್ತೆ ಅಂತ ನಾನೂ ಅಲ್ಲೇ. ಸಣ್ಣ ಮಳೆ ಹನಿ ಬಿದ್ರೆ ಒಂದು ಪಕ್ಕಕ್ಕೆ ವಾಲಿ ಒಂದು ರೆಕ್ಕೆ ಪೂರ್ತಿ ಮೇಲೆತ್ತಿ ಕಂಕುಳಿಗೆ ಮಳೆ ಬಿಡಿಸ್ಕೊಳ್ತಾಳೆ, ಆಮೇಲೆ ಇನ್ನೊಂದು ಪಕ್ಕ.

ಜೋಡಿ ತರೋದಲ್ವಾ ಅಂತ ಎಲ್ರೂ ಕೇಳ್ತಾರೆ. ನಮ್ಮ ಆಫೀಸಿನ ಒಬ್ರು ಅವ್ರ ತೋಟದಲ್ಲಿ ಗೂಡಿಂದ ಬಿದ್ದ ಚೋರೆ ಹಕ್ಕಿ ಮರಿ ತಂದುಕೊಡ್ತೀನಿ ಅಂದ್ರು, ಒಳ್ಳೇ ಮನಸ್ಸಿಂದಲೇ. ಬೇಡ ಅಂದೆ. ನಮ್ಮ ಕಾಡಿನ ಬೆಳವಗಳನ್ನ ಹಿಡಿದು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಅದಕ್ಕಿಂತ ಮುಖ್ಯ ಅದರ ಅಪ್ಪ ಅಮ್ಮ ಅಲ್ಲೇ ಇರತ್ತೆ, ಗೂಡಿಗೆ ವಾಪಸ್ ಇಟ್ರೆ ಸಾಕ್ತವೆ. ಇಟ್ಟು ಬಂದ್ರು, ಒಂದು ವಾರ ಬಿಟ್ಟು ಮರಿ ಹಾರಿತಂತೆ. ಮೋತಿಗೆ ಅವಳದೇ ಜಾತಿಯ ಗಂಡು ತಂದ್ರೆ ಮೊಟ್ಟೆ ಇನ್ನೂ ಜಾಸ್ತಿ, ಇನ್ನೊಂದು ಹೆಣ್ಣು ತಂದ್ರೆ ಇಬ್ಬರದೂ ಮೊಟ್ಟೆ. ಅವಳ ಮೂಳೆ ಪೂರ್ತಿ ಸುಧಾರಿಸೋವರೆಗೆ ಬೇಡ ಅಂತ ಡಾಕ್ಟ್ರೂ ಹೇಳಿದ್ದಾರೆ.

ಆಯಿದು ಬೇರೆ ವಾದ. ಚೌತಿಗೆ ಮೋತಿನ ಊರಿಗೆ ಕರ್ಕೊಂಡು ಹೋದೆ, ದೇವಿಮನೆ ಘಟ್ಟದ ತಿರುವಲ್ಲೆಲ್ಲ ಪಂಜರ ತೊಡೆ ಮೇಲೆ. ಆಯಿ ನೋಡಿ, "ತಮಾ, ಹಕ್ಕಿನ ಕೂಡಿ ಹಾಕದು ಪಾಪ, ಬಿಟ್ಟುಬಿಡು, ತೋಟದಲ್ಲಿ ಬೇಕಷ್ಟು ಜಾಗ ಇದ್ದು" ಅಂದ್ಳು. ನಾನು ಅವಳನ್ನ ಜಗಲೀಲಿ ಕೂರಿಸಿ ಹೇಳ್ದೆ, ಆಯಿ, ಇದಕ್ಕೆ ಗಿಡುಗ ಅಂದ್ರೆ ಏನು ಅಂತ ಗೊತ್ತಿಲ್ಲ, ಕಾಳು ಹುಡುಕೋದು ಗೊತ್ತಿಲ್ಲ, ಈ ಕೆನೆ ಬಣ್ಣ ಹಸಿರಲ್ಲಿ ದೂರದಿಂದ ಕಾಣತ್ತೆ, ಬಿಟ್ರೆ ಎರಡು ದಿನ. ಆಯಿ ಸುಮಾರು ಹೊತ್ತು ಮಾತಾಡ್ಲಿಲ್ಲ. ಸಂಜೆ ನೋಡಿದ್ರೆ ಮೊರದಲ್ಲಿ ನವಣೆ ಹಾಕ್ಕೊಂಡು ಕಲ್ಲು ಹೆಕ್ತಾ ಕೂತಿದ್ಳು. ಕಲ್ಲು ಇರ್ಲಿ ಆಯಿ, ಅದಕ್ಕೆ ಬೇಕು ಅಂದೆ, ಆದ್ರೂ ಹೆಕ್ಕಿದ್ಳು. ಪಟಾಕಿ ಹೊಡೆಯೋ ರಾತ್ರಿ ಮೋತಿನ ದೇವರ ಕೋಣೆ ಪಕ್ಕದ ಕತ್ತಲೆ ಕೋಣೇಲಿ ಇಟ್ಕೊಂಡು ಜೊತೆಗೆ ಕೂತಿದ್ದೂ ಆಯಿಯೇ.

ಜುಲೈ ಆದ ಮೇಲೆ ಮೂರು ತಿಂಗಳು ಮೊಟ್ಟೆ ಇಲ್ಲ. ಅಕ್ಟೋಬರ್ ಕೊನೇಲಿ ಒಂದು ಜೋಡಿ ಇಟ್ಳು. ಈ ಸಲ ನಾನು ತೆಗೀಲಿಲ್ಲ. ಮರಿ ಆಗಲ್ಲ ಅಂತ ಗೊತ್ತಿದ್ರೂ ಅವಳ ಮೊಟ್ಟೆ ಅವಳ ಹತ್ರವೇ ಬಿಡ್ಬೇಕು, ಕೂತು ಕೂತು ತಾನೇ ಸಾಕು ಅಂತ ಏಳೋವರೆಗೆ. ಈ ಜಾತೀಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಗಂಡು ಬಂದು ಕಾವಿಗೆ ಕೂರತ್ತೆ, ಸಂಜೆವರೆಗೆ ಅದರ ಪಾಳಿ, ಆಮೇಲೆ ರಾತ್ರಿಯೆಲ್ಲ ಹೆಣ್ಣು. ಮೋತಿಗೆ ಪಾಳಿ ಬದಲಾಯಿಸೋರು ಯಾರೂ ಇಲ್ಲ, ನೀರಿಗೂ ಏಳದೆ ಕೂತಿರ್ತಿದ್ಳು. ಹಾಗಾಗಿ ಮಧ್ಯಾಹ್ನ ಊಟಕ್ಕೆ ಹೋಟೆಲ್ ಬಿಟ್ಟು ಮನೆಗೇ ಬರೋಕೆ ಶುರು ಮಾಡ್ದೆ. ನಾನು ಪಕ್ಕ ಬಂದು ಕೂತ್ರೆ ಮಾತ್ರ ಎದ್ದು, ಮೈ ಮುರಿದು, ನೀರು ಕುಡಿದು, ನಾಲ್ಕು ಕಾಳು ತಿಂದು ಮತ್ತೆ ಹೋಗಿ ಕೂರ್ತಿದ್ಳು. ಹತ್ತೊಂಬತ್ತನೇ ದಿನ ಎದ್ದವಳು ಆ ಕಡೆ ತಿರುಗಿ ನೋಡ್ಲಿಲ್ಲ, ಆಗ ತೆಗೆದೆ.

ಈಗ ಜನವರಿ. ನಿನ್ನೆ ಸಂಜೆ ಐದು ಗಂಟೆಗೆ ಮತ್ತೆ ಒಂದು ಮೊಟ್ಟೆ. ಉಗುರಲ್ಲಿ ಮೆಲ್ಲಗೆ ತಟ್ಟಿ ನೋಡಿದೆ, ಟಕ್ ಅಂತು, ಚಿಪ್ಪು ಗಟ್ಟಿ ಇದೆ. ಎರಡನೇದು ನಲವತ್ತು ಗಂಟೆ ಆಸುಪಾಸಲ್ಲಿ ಬರ್ಬೇಕು, ಅಂದ್ರೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ. ಆಫೀಸಿಗೆ ಅರ್ಧ ದಿನ ರಜೆ ಹೇಳಿದ್ದೀನಿ. ಈಗಷ್ಟೇ ತೂಕ ನೋಡ್ದೆ, 164. ಡಾಕ್ಟ್ರ ನಂಬರ್ ಮೇಲೇ ಇಟ್ಕೊಂಡಿದ್ದೀನಿ, ಬಿಸಿನೀರಿನ ಬಾಟ್ಲಿಯೂ ತೊಳೆದಿಟ್ಟಿದ್ದೀನಿ.